ಕೊಕ್ಕೆ ಮೀಮಾಂಸೆ

ಮೊದಲು ಕ್ಷೇತ್ರನಿರ್ಣಯ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ಸೀಮೆ ದಾಟಿ ಸಾಗರ ತಾಲ್ಲೂಕಿಗೆ ಬಂದವಳನ್ನು 1964ರಲ್ಲಿ ಲಿಂಗನಮಕ್ಕಿಯಲ್ಲಿ ಕಟ್ಟಿಹಾಕಲಾಯಿತು. ಹೀಗೆ ಕರ್ನಾಟಕದ ಕರೆಂಟಿಗೆ ತೀರ್ಥಹಳ್ಳಿ ತವರು, ಹೊಸನಗರ ದಾರಿ, ಸಾಗರ ಗಂಡನ ಮನೆ. ಈ ಮೂರು ತಾಲ್ಲೂಕು ಬಿಟ್ಟು ಕರೆಂಟು ಕಳ್ಳತನದ ಅಧ್ಯಯನಕ್ಕೆ ಹೊರಡುವುದು ಅಡಿಕೆ ಇಲ್ಲದೆ ಕವಳ ಹಾಕಿದ ಹಾಗೆ.

ಇನ್ನು ಕೊಕ್ಕೆಯ ಲಕ್ಷಣ. ಅಡಿಕೆ ಕೊನೆ ಇಳಿಸುವ ದೋಟಿಯೂ ಕಂಬದ ತಂತಿಗೆ ಸಿಕ್ಕಿಸುವ ಕೊಕ್ಕೆಯೂ ಒಂದೇ ಗೋತ್ರದವು. ಮೇಲಿರುವುದನ್ನು ಕೆಳಗೆ ತರುವುದು ಎರಡರ ಧರ್ಮ. ದೋಟಿಯಲ್ಲಿ ಕೊನೆ ಕೆಳಗೆ ಬರುತ್ತದೆ. ಕೊಕ್ಕೆಯಲ್ಲಿ ಕೆಲವೊಮ್ಮೆ ಹಾಕಿದವನೇ ಬರುತ್ತಾನೆ. (ಹಂದಿ ಬರುತ್ತದೆಂದು ಬೇಲಿಗೇ ನೇರ ಕರೆಂಟು ಕೊಡುವವರನ್ನು ಈ ಪ್ರಬಂಧದಿಂದ ಹೊರಗಿಟ್ಟಿದ್ದೇವೆ. ಅದು ಕಳ್ಳತನವಲ್ಲ, ಜೀವ ತೆಗೆಯುವ ಕೆಲಸ. ಅದರಲ್ಲಿ ತಮಾಷೆ ಇಲ್ಲ.)

ಈಗ ಪೂರ್ವಪಕ್ಷ. ತೋಟದ ಜಗಲಿಯ ಮೇಲೆ ಕೂತ ಪೂರ್ವಪಕ್ಷಿ ಕೇಳುತ್ತಾನೆ: "ಅಲ್ಲ ಮಾರಾಯ್ರೇ, ಮಳೆ ನಮ್ಮೂರಿಂದು, ಹೊಳೆ ನಮ್ಮೂರಿಂದು, ಮುಳುಗಿದ ಗದ್ದೆ ನಮ್ಮಜ್ಜಂದು. ತಂತಿ ಒಂದು ಅವರದ್ದು. ತಂತಿಯೇನು ನಾವು ಕದ್ದಿಲ್ವಲ್ಲ?" ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಅದಕ್ಕಾಗಿ ಊರು ಬಿಟ್ಟವರಲ್ಲಿ ಎಷ್ಟೋ ಮನೆಗಳು ದಶಕಗಳ ಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ರಾತ್ರಿ ಕಳೆದವು. ಆ ಬಾಬ್ತು ಯಾರು ಯಾರಿಂದ ಕದ್ದರು ಎಂಬುದಕ್ಕೆ ಯಾವ ಕಾಯ್ದೆಯಲ್ಲೂ ಸೆಕ್ಷನ್ ಸಿಗಲಿಲ್ಲವಾದ್ದರಿಂದ ಮುಂದಕ್ಕೆ ಹೋಗುತ್ತೇವೆ.

ಪೂರ್ವಪಕ್ಷಿಯ ಎರಡನೇ ವಾದ ತಾತ್ವಿಕವಾದುದು. ಕರೆಂಟು ಕಣ್ಣಿಗೆ ಕಾಣದು, ಚೀಲಕ್ಕೆ ತುಂಬಲಾಗದು. ವಸ್ತುವೇ ಅಲ್ಲದ ಮೇಲೆ ಕದಿಯುವುದೇನನ್ನು? ಇವನಿಗೆ ಗೊತ್ತಿಲ್ಲ, 1899ರಲ್ಲಿ ಜರ್ಮನಿಯ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಹೇಳಿ ಆರೋಪಿಯ ಕೈ ಹಿಡಿದಿತ್ತು; ಮರುವರ್ಷವೇ ಅಲ್ಲಿ ಕರೆಂಟು ಕಳ್ಳರಿಗೆಂದೇ ಹೊಸ ಕಾನೂನು ಬಂತು. ಹಾಲೆಂಡಿನ ಹೇಗ್ ನಗರದ ದಂತವೈದ್ಯನೊಬ್ಬ ಹೆಣಿಗೆ ಕಡ್ಡಿ ತೂರಿಸಿ ಮೀಟರು ನಿಲ್ಲಿಸುತ್ತಿದ್ದ. 1921ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ಕರೆಂಟೂ ಕದಿಯಬಹುದಾದ ಸರಕೇ ಎಂದಿತು. ಹಳೆ ಮೀಟರಿನ ಅಲ್ಯೂಮಿನಿಯಂ ತಟ್ಟೆಗೆ ಎಕ್ಸ್‌ರೇ ಫಿಲ್ಮ್ ಸಿಕ್ಕಿಸುವ ನಮ್ಮ ಪಂಥಕ್ಕೆ ಆ ಹಲ್ಲಿನ ಡಾಕ್ಟರೇ ಮೂಲಪುರುಷರೆಂದು ನಮ್ಮ ಊಹೆ. ಎರಡೂ ಕಡೆ ಆಸ್ಪತ್ರೆಯ ವಾಸನೆ ಇದೆ.

ಸಿದ್ಧಾಂತ 2003ರ ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್ನಿನಲ್ಲಿದೆ. ಕೊಕ್ಕೆ, ಅಯಸ್ಕಾಂತ, ಫಿಲ್ಮು, ಎಲ್ಲವೂ ಅದರೊಳಗೆ ಬಂತು. ಶಿಕ್ಷೆ ಮೂರು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ದಂಡ ಮೊದಲ ಸಲ ಕದ್ದ ಲಾಭದ ಮೂರು ಪಟ್ಟಿಗೆ ಕಡಿಮೆ ಇಲ್ಲ, ಮತ್ತೆ ಸಿಕ್ಕರೆ ಆರು ಪಟ್ಟು. ಇಲ್ಲಿ ಗಣಿತಜ್ಞರೊಬ್ಬರು ಎದ್ದು ನಿಲ್ಲುತ್ತಾರೆ. 2023ರಿಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಗೆ 200 ಯೂನಿಟ್‌ವರೆಗೆ ಬಿಲ್ಲಿಲ್ಲ, ಹತ್ತು ಎಚ್‌ಪಿವರೆಗಿನ ತೋಟದ ಪಂಪಿಗಂತೂ ಅದಕ್ಕೂ ಮೊದಲಿಂದಲೇ ಇಲ್ಲ. ಬಿಟ್ಟಿ ಸಿಗುವುದನ್ನು ಕದ್ದರೆ ಲಾಭ ಸೊನ್ನೆ, ಸೊನ್ನೆಯ ಮೂರು ಪಟ್ಟು ಸೊನ್ನೆ! ಲೆಕ್ಕ ಚೆಂದವಿದೆ, ಆದರೆ ಕೊಕ್ಕೆಯ ಕರೆಂಟು ಮೀಟರು ಮುಟ್ಟುವುದೇ ಇಲ್ಲ, ಮೀಟರು ಮುಟ್ಟದ್ದು ಯೋಜನೆಗೂ ಸೇರುವುದಿಲ್ಲ. ಜೈಲಂತೂ ಗುಣಾಕಾರದ ಹಂಗಿಲ್ಲದೆ ನಿಂತಿದೆ.

ಇದೇ ಸೆಕ್ಷನ್ನಿನಲ್ಲಿ ಒಂದು ರತ್ನ ಅಡಗಿದೆ. ಸೂರ್ಯ ಮುಳುಗಿದ ಮೇಲೆ ಹುಟ್ಟುವವರೆಗೆ ವಾಸದ ಮನೆಯನ್ನು ತಪಾಸಣೆ ಮಾಡಬೇಕಾದರೆ ಆ ಮನೆಯ ವಯಸ್ಕ ಗಂಡಸು ಎದುರಿಗಿರಬೇಕು. ಜಾಗೃತ ದಳದವರು ಮಳೆಯಲ್ಲಿ ನೆನೆದು ಅಂಗಳಕ್ಕೆ ಬಂದರೆಂದು ಭಾವಿಸಿ. ಯಜಮಾನರು ಹಿತ್ತಿಲ ಬಾಗಿಲಿಂದ ತೋಟಕ್ಕೆ ಇಳಿದಿರುತ್ತಾರೆ. ಅಮ್ಮ ಕವಳದ ತಬಕು ಮುಂದಿಟ್ಟು, "ಇವ್ರು ಮನೇಲಿಲ್ಲ, ಬೆಳಿಗ್ಗೆ ಬನ್ನಿ, ತಿಂಡಿ ತಿಂದೇ ಹೋದ್ರಾಯ್ತು" ಎನ್ನುತ್ತಾರೆ. ಬೆಳಿಗ್ಗೆಯ ಹೊತ್ತಿಗೆ ಕೊಕ್ಕೆ ಮತ್ತೆ ದೋಟಿಯಾಗಿರುತ್ತದೆ.

ಗ್ಯಾಸಿನ ಪ್ರಕರಣ ಚಿಕ್ಕದು. ಅದನ್ನು ಕದಿಯಬಹುದೆಂದು ಇಂಗ್ಲೆಂಡಿನ ಕೋರ್ಟು 1853ರಲ್ಲೇ ಹೇಳಿತ್ತು. ಅಲ್ಲೊಬ್ಬ ಮೀಟರನ್ನು ತಪ್ಪಿಸಿ ಆಚೆಯಿಂದ ಪೈಪು ಎಳೆದಿದ್ದ. ನಮ್ಮೂರಲ್ಲಿ ಪೈಪಿಲ್ಲ, ಸಿಲಿಂಡರ್ ಇದೆ. ಮನೆಯ 14.2 ಕೆಜಿಯದ್ದು ಜಾತ್ರೆಯ ಬೋಂಡದಂಗಡಿಗೆ ಹೋದರೆ 2000ದ ಎಲ್‌ಪಿಜಿ ಆದೇಶ ಮುರಿದಂತೆ, ಅಗತ್ಯ ವಸ್ತುಗಳ ಕಾಯ್ದೆಯಡಿ ಏಳು ವರ್ಷದವರೆಗೆ ಜೈಲು. ಬಲ್ಬಿಗೆ ಮೂರು, ಬೋಂಡಕ್ಕೆ ಏಳು! ಸ್ವಂತ ಕೊಟ್ಟಿಗೆಯ ಗೋಬರ್ ಗ್ಯಾಸಿಗೆ ಈ ಯಾವುದೂ ತಗುಲುವುದಿಲ್ಲ. ಪಕ್ಕದ ಮನೆಯ ದನ ನಮ್ಮ ಅಂಗಳದಲ್ಲಿ ಹಾಕಿದ ಸಗಣಿಯ ಗ್ಯಾಸು ಯಾರದೆಂಬ ವಿಷಯದಲ್ಲಿ ಮಾತ್ರ ವಿದ್ವಾಂಸರು ಇನ್ನೂ ಮಾತು ಬಿಟ್ಟಿದ್ದಾರೆ.

ಕೊನೆಗೆ ಪ್ರಾಯಶ್ಚಿತ್ತ ಕಾಂಡ, ಸೆಕ್ಷನ್ 152. ಕಾಯ್ದೆಯ ಮೂಲ ಕೋಷ್ಟಕದಂತೆ ಕಿಲೋವಾಟಿಗೆ ಅಥವಾ ಎಚ್‌ಪಿಗೆ ಕೃಷಿಯವರು 2,000, ಮನೆಯವರು 4,000, ಅಂಗಡಿಯವರು 10,000, ಕಾರ್ಖಾನೆಯವರು 20,000 ರೂಪಾಯಿ ತೆತ್ತು ರಾಜಿಯಾಗಬಹುದು. ದರ ಬದಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಮೂರು ಕಿಲೋವಾಟಿನ ಮನೆಗೆ 12,000 ಆಯಿತು. ಕಟ್ಟಿದವನು ಕಾನೂನಿನ ಕಣ್ಣಲ್ಲಿ ಖುಲಾಸೆಯಾದಂತೆಯೇ. ತೀರ್ಥಹಳ್ಳಿಯ ತುಂಗೆಯಲ್ಲಿ ಎಳ್ಳಮಾವಾಸ್ಯೆಯ ಸ್ನಾನ ವರ್ಷವರ್ಷವೂ ಮಾಡಬಹುದು. ಈ ರಾಜಿ ಒಬ್ಬರಿಗೆ ಒಂದೇ ಸಲ.