ಸರದಿ ಸೈಕಲ್ ಮೀಮಾಂಸೆ

ಶಾಸ್ತ್ರಕ್ಕೆ ಕೈಹಾಕುವ ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ವೇದಾಂತಿಗಳ ಕಟ್ಟಳೆ. ಪ್ರಸ್ತುತ ಶಾಸ್ತ್ರದ ವಿಷಯ ಸ್ಪಷ್ಟವಾಗಿದೆ: ನಾಲ್ವರು ಗೆಳೆಯರು ಸರದಿಯ ಮೇಲೆ ಸೈಕಲ್ ತುಳಿದು ಅಮೆರಿಕದ ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿ ಮುಟ್ಟುವುದು. ಪ್ರಯೋಜನವೇನೆಂದು ಮನೆಯವರು ಕೇಳುತ್ತಲೇ ಇದ್ದಾರೆ. ಭಾಷ್ಯಕಾರರು ಉತ್ತರವನ್ನು ಮುಂದಿನ ಅಧ್ಯಾಯಕ್ಕೆ ಕಾದಿರಿಸಿದ್ದಾರೆ. ಸಂಬಂಧವೆಂದರೆ ವಾಟ್ಸ್‌ಆಪ್ ಗುಂಪು. ವಿವಾದವಿರುವುದು ಅಧಿಕಾರಿ ಯಾರೆಂಬಲ್ಲಿ ಮಾತ್ರ.

'ರೇಸ್ ಅಕ್ರಾಸ್ ಅಮೆರಿಕ' ಎಂಬ ಈ ಸ್ಪರ್ಧೆಗೆ ಒಂಟಿಯಾಗಿ ಇಳಿಯುವವನು ಮೊದಲು ಅರ್ಹತೆ ಸಾಬೀತು ಮಾಡಬೇಕು. ತಂಡವಾಗಿ ಬರುವವರಿಗೆ ಆ ಕಟ್ಟುಪಾಡಿಲ್ಲ. ಈ ಒಂದು ಸಡಿಲಿಕೆಯಿಂದಾಗಿ, ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟ ಹತ್ತಿಳಿದು ದೇವನಹಳ್ಳಿಯಲ್ಲಿ ಇಡ್ಲಿ-ವಡೆ ಮುಗಿಸಿದ ಬೆಂಗಳೂರಿನ ಯಾವ ನಾಲ್ವರು ಬೇಕಾದರೂ "ನಾವೂ ಹೋಗೋಣ ಕಣ್ರೋ" ಎನ್ನಬಹುದು. ಎರಡನೆಯ ಕಾಫಿ ಬರುವಷ್ಟರಲ್ಲಿ ತಂಡಕ್ಕೆ ಹೆಸರಿಟ್ಟಾಗಿರುತ್ತದೆ, ಜರ್ಸಿಯ ಬಣ್ಣದ ಬಗ್ಗೆ ಜಗಳ ಶುರುವಾಗಿರುತ್ತದೆ.

ನಾಯಕರು ನಾಲ್ಕು ಬಗೆ ಎಂದು ಆಲಂಕಾರಿಕರು ಎಂದೋ ಹೇಳಿಟ್ಟರಲ್ಲ, ಅವರು ಇಂಥ ತಂಡವನ್ನು ನೋಡಿಯೇ ಹೇಳಿರಬೇಕು. ಧೀರೋದ್ಧತನು ಬೆಟ್ಟವನ್ನು ಎಲ್ಲರಿಗಿಂತ ಮೊದಲು ಹತ್ತಿ, ಇನ್ನೂ ಏದುಸಿರು ಇಳಿಯುವ ಮುನ್ನವೇ ಸ್ಟ್ರಾವಾ ಆಪ್‌ನಲ್ಲಿ ಸಮಯ ಹಾಕುತ್ತಾನೆ. ಧೀರಲಲಿತನು ಸೈಕಲ್ಲಿನ ತೂಕದಲ್ಲಿ ಇನ್ನೂರು ಗ್ರಾಂ ಇಳಿಸಲು ಒಂದು ತಿಂಗಳ ಸಂಬಳ ಸುರಿಯುತ್ತಾನೆ. ಹೊಟ್ಟೆಯ ತೂಕ ಅವನ ಲೆಕ್ಕಕ್ಕೆ ಬರುವುದಿಲ್ಲ. ಧೀರೋದಾತ್ತನು ಎಕ್ಸೆಲ್ ಪಟ್ಟಿ ಬರೆಯುತ್ತಾನೆ. ಧೀರಶಾಂತನು ಎಲ್ಲದಕ್ಕೂ "ಆಯ್ತಪ್ಪ" ಎನ್ನುತ್ತಾನೆ, ಭಾನುವಾರ ಏಳುವುದಿಲ್ಲ.

ಇನ್ನು ಪೂರ್ವಪಕ್ಷ. ಒಟ್ಟು ದಾರಿ ಸುಮಾರು 4,800 ಕಿ.ಮೀ., ತಂಡಕ್ಕೆ ಗಡುವು 9 ದಿನ. ನಾಲ್ವರಿಗೆ ಹಂಚಿದರೆ ತಲೆಗೆ 1,200. ಅಂದರೆ ದಿನಕ್ಕೆ 133. "ಇದೇನು ಮಹಾ?" ಎಂದು ಪೂರ್ವಪಕ್ಷಿ ಮೀಸೆ ತಿರುವುತ್ತಾನೆ. ಆಸ್ಟ್ರಿಯಾದ ಕ್ರಿಸ್ಟೋಫ್ ಸ್ಟ್ರಾಸರ್ 2014ರಲ್ಲಿ ಈ ದಾರಿಯನ್ನು ಒಬ್ಬನೇ 7 ದಿನ 15 ಗಂಟೆ 56 ನಿಮಿಷದಲ್ಲಿ ಮುಗಿಸಿದ್ದನ್ನು ಅವನು ತನ್ನ ಪರವಾದ ಸಾಕ್ಷಿಯೆಂದೇ ಭಾವಿಸುತ್ತಾನೆ.

ಸಿದ್ಧಾಂತಿಯ ಉತ್ತರ ಹೀಗಿದೆ. ಗಡಿಯಾರ ಇಲ್ಲಿ ಯಾರಿಗೂ ಕಾಯುವುದಿಲ್ಲ. ಒಂಬತ್ತು ದಿನವೆಂದರೆ 216 ಗಂಟೆ; ಪಂಚರ್, ತಪ್ಪಿದ ತಿರುವು, ಕೆಂಪು ದೀಪ, ಬಹಿರ್ದೆಸೆ ಎಲ್ಲವನ್ನೂ ಸೇರಿಸಿ ಗಂಟೆಗೆ 22 ಕಿ.ಮೀ. ಸರಾಸರಿಯನ್ನು ಹಗಲೂ ರಾತ್ರಿ ಬಿಡಬಾರದು. ದಾರಿಯಾದರೂ ಸಪಾಟಾಗಿದೆಯೇ? ಕ್ಯಾಲಿಫೋರ್ನಿಯಾದ ಓಷನ್‌ಸೈಡ್‌ನಲ್ಲಿ ಕಡಲು ಬಿಟ್ಟವರು ಮರುಭೂಮಿಯಲ್ಲಿ ಬೆಂದು ಕೊಲರಾಡೊದ ವುಲ್ಫ್ ಕ್ರೀಕ್ ಕಣಿವೆಮಾರ್ಗಕ್ಕೆ ಏರುತ್ತಾರೆ. ಅದರ ಎತ್ತರ 3,309 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930ಕ್ಕೇ ಮುಗಿದುಹೋಗುತ್ತದೆ. ಇಡೀ ದಾರಿಯ ಏರುಗಳನ್ನು ಕೂಡಿದರೆ ಐವತ್ತು ಸಾವಿರ ಮೀಟರ್ ದಾಟುತ್ತದೆ, ಹೆಚ್ಚುಕಡಿಮೆ ನಂದಿಯನ್ನು ನೂರು ಸಲ ಹತ್ತಿದ ಹಾಗೆ. ನಡುನಡುವೆ ಇಡ್ಲಿ ಸಿಗುವುದಿಲ್ಲ.

ಆದರೂ ಏರು ದೊಡ್ಡ ತೊಡಕಲ್ಲ. ನಿಜವಾದ ತೊಡಕು ನಿದ್ರೆ.

ಈ ಸ್ಪರ್ಧೆ 1982ರಲ್ಲಿ ಹುಟ್ಟಿದಾಗ ಇದ್ದವರೂ ನಾಲ್ವರೇ: ಜಾನ್ ಮರಿನೊ, ಜಾನ್ ಹೊವರ್ಡ್, ಮೈಕಲ್ ಶರ್ಮರ್, ಗೆದ್ದ ಲಾನ್ ಹಾಲ್ಡ್‌ಮನ್. ಸರದಿಯ ಉಪಾಯ ಅವರಿಗೆ ಹೊಳೆಯಲಿಲ್ಲವೋ ಏನೋ, ನಾಲ್ವರೂ ಇಡೀ ದೇಶವನ್ನು ಬೇರೆಬೇರೆಯಾಗಿ ತುಳಿದರು. ಮರುವರ್ಷ ಶರ್ಮರನ ಕುತ್ತಿಗೆಯ ಸ್ನಾಯುಗಳು ತಲೆ ಹೊರಲಾರೆವೆಂದು ಕೈಚೆಲ್ಲಿದವು; ಆ ಬಾಧೆಗೆ ಈಗಲೂ ಅವನದೇ ಹೆಸರು. ಅದೇ ವರ್ಷ ನೆಬ್ರಾಸ್ಕದ ರಾತ್ರಿಯಲ್ಲಿ, ದಿನಗಟ್ಟಲೆ ನಿದ್ದೆಗೆಟ್ಟಿದ್ದ ಅವನಿಗೆ ತನ್ನ ಬೆಂಬಲ ತಂಡದವರೇ ಅನ್ಯಗ್ರಹದಿಂದ ಬಂದ ಅಪಹರಣಕಾರರಂತೆ ಕಂಡರು. ಒಂದಿಷ್ಟು ನಿದ್ದೆ ಮಾಡಿದ ಮೇಲೆ ಅವರು ಪುನಃ ಮನುಷ್ಯರಾದರು. ಇದೇ ಶರ್ಮರ್ ಮುಂದೆ 'ಸ್ಕೆಪ್ಟಿಕ್' ಎಂಬ ಸಂದೇಹವಾದಿ ಪತ್ರಿಕೆ ಸ್ಥಾಪಿಸಿದ. ಮಾಯೆಯನ್ನು ಕಣ್ಣಾರೆ ಕಂಡವನಿಗೇ ಅದನ್ನು ಅಲ್ಲಗಳೆಯುವ ಅಧಿಕಾರವೆಂದು ಅದ್ವೈತಿಗಳು ತಲೆದೂಗಬಹುದು. ಐದು ಸಲ ಗೆದ್ದ ಸ್ಲೊವೇನಿಯಾದ ಯೂರೆ ರೋಬಿಚ್ ಇನ್ನೂ ಮುಂದೆ ಹೋಗಿ, ದಾರಿ ಬದಿಯ ಅಂಚೆಪೆಟ್ಟಿಗೆಗಳನ್ನು ಶತ್ರುಗಳೆಂದು ಬಗೆದು ಸೈಕಲ್ಲಿಂದಿಳಿದು ಗುದ್ದಾಟಕ್ಕೆ ನಿಂತದ್ದುಂಟು.

ಸರದಿಯಲ್ಲಿ ಈ ಕಷ್ಟವಿಲ್ಲವೆಂದು ಗೆಳೆಯರು ನಂಬಿದ್ದಾರೆ. ಇಬ್ಬಿಬ್ಬರ ಜೋಡಿ ಮಾಡಿ, ಒಂದು ಜೋಡಿ ಆರೇಳು ಗಂಟೆ ರಸ್ತೆಯಲ್ಲಿದ್ದಾಗ ಇನ್ನೊಂದು ಮಲಗುವುದು ರೂಢಿ. ರಸ್ತೆಯಲ್ಲಿರುವ ಇಬ್ಬರು ಅರ್ಧರ್ಧ ಗಂಟೆಗೆ ಬದಲಾಗುತ್ತಾರೆ. ಬರುವವನ ಮುಂಗಾಲಿ ಹೊರಡುವವನ ಹಿಂಗಾಲಿಯ ಪಕ್ಕ ಹಾದರೆ ಸರದಿ ಕೈಬದಲಾದಂತೆ. ಓದಲು ಸೊಗಸಾಗಿದೆ. ಆದರೆ ಆ ಅರ್ಧ ಗಂಟೆಯಲ್ಲಿ ಬೆವರು ಆರಿ, ತೊಡೆ ಬಿಗಿದು, ವ್ಯಾನಿನ ಸೀಟಿಗೆ ಮೈ ಆಗತಾನೇ ಒಗ್ಗಿರುತ್ತದೆ, "ಏಳೋ ಮಾರಾಯ, ನಿಂದು!" ಎಂಬ ಕೂಗು ಬರುತ್ತದೆ. ಮಲಗಿದ ಜೋಡಿಯೂ ಮಲಗುವುದು ಓಡುವ ವಾಹನದಲ್ಲಿ, ಹಸಿ ಸಾಕ್ಸಿನ ವಾಸನೆಯ ನಡುವೆ, ಧೀರಶಾಂತನ ಗೊರಕೆಯ ಪಕ್ಕ. ಪ್ರತಿಯೊಬ್ಬನೂ ತುಳಿಯುವುದು ಕಾಲು ಭಾಗ, ಕಾಯುವುದು ಮುಕ್ಕಾಲು. ಗೆಳೆಯರು ತಯಾರಿ ನಡೆಸುವುದು ಕಾಲು ಭಾಗಕ್ಕೆ ಮಾತ್ರ.

ಅಧಿಕಾರಿ ಯಾರೆಂಬ ಪ್ರಶ್ನೆಗೆ ಉತ್ತರ ಇಲ್ಲಿದೆ: ಸವಾರರಲ್ಲ, ಬೆಂಬಲ ತಂಡದವರು. ಕತ್ತಲಾದ ಮೇಲೆ ಬೆಂಬಲ ವಾಹನ ಬೆಳಕು ಚೆಲ್ಲುತ್ತ ಸವಾರನ ಬೆನ್ನಿಗೇ ಬರಬೇಕು. ಚಾಲಕ, ದಾರಿ ಹೇಳುವವನು, ಅಡುಗೆಯವನು, ರಿಪೇರಿಯವನು, ಸೀಟಿನ ಹುಣ್ಣಿಗೆ ಮುಲಾಮು ಕೊಡುವವನು ಎಂದು ಎಣಿಸಿದರೆ ಸವಾರರಿಗಿಂತ ಇವರೇ ಹೆಚ್ಚು. ಇವರಿಗೆ ಪದಕವೂ ಇಲ್ಲ, ನಿದ್ದೆಯೂ ಇಲ್ಲ.

ಇಷ್ಟಾದರೂ ಅಲ್ಲಿಗೆ ಹೋಗುವುದು ಆಗದ ಮಾತೇನೂ ಅಲ್ಲ. ಬೆಂಗಳೂರಿನ ಸಮೀಮ್ ರಿಜ್ವಿ 2010ರಲ್ಲೇ ಭಾರತೀಯರಲ್ಲಿ ಮೊದಲಿಗರಾಗಿ ಅಲ್ಲಿ ಸ್ಪರ್ಧೆಗಿಳಿದರು. ನಾಸಿಕದ ವೈದ್ಯ ಸಹೋದರರಾದ ಹಿತೇಂದ್ರ, ಮಹೇಂದ್ರ ಮಹಾಜನ್ 2015ರಲ್ಲಿ ಇಬ್ಬರೇ ಸರದಿಯಲ್ಲಿ ತುಳಿದು ಗಡುವಿನೊಳಗೆ ಮುಗಿಸಿದರು. ಸೇನಾ ವೈದ್ಯ ಶ್ರೀನಿವಾಸ್ ಗೋಕುಲನಾಥ್ 2017ರಲ್ಲಿ ಒಂಟಿಯಾಗಿಯೇ ಪೂರೈಸಿದರು. ಸಾಲ ಮಾಡಿ ಅಷ್ಟು ದೂರ ಹೋಗುವ ಮುನ್ನ ಪುಣೆಯಿಂದ ಗೋವಾಕ್ಕೆ ಸುಮಾರು 640 ಕಿ.ಮೀ. ಓಡುವ 'ಡೆಕ್ಕನ್ ಕ್ಲಿಫ್‌ಹ್ಯಾಂಗರ್' ಇದೆ; ಅಲ್ಲೂ ತಂಡಗಳಿಗೆ ಜಾಗವುಂಟು.

ಓದುಗರಲ್ಲಿ ಯಾರಾದರೂ ಇಂಥ ತಂಡ ಕಟ್ಟುವವರಿದ್ದರೆ ಒಂದು ವಿನಂತಿ: ಇಡೀ ರಾತ್ರಿ ಮುಖ ಗಂಟಿಕ್ಕದೆ ವ್ಯಾನ್ ಓಡಿಸಬಲ್ಲ ಭಾವಮೈದುನನನ್ನು ಮೊದಲು ಹುಡುಕಿಕೊಳ್ಳಿ. ನಾಲ್ಕನೆಯ ಸವಾರ ಹೇಗೂ ಸಿಗುತ್ತಾನೆ.