ಪುಸ್ತಕ ಮುಚ್ಚೋ ಮಾರಾಯ

ಪರೀಕ್ಷೆ ಎಂದರೆ ಹಬ್ಬವಂತೆ. ಫೆಬ್ರವರಿ ಬಂತೆಂದರೆ ಊರೂರಿನ ಸಭಾಭವನದಲ್ಲಿ ಕೋಟು ತೊಟ್ಟ ತರಬೇತುದಾರರೊಬ್ಬರು ಮೈಕ್ ಹಿಡಿದು ಇದನ್ನೇ ಹೇಳುತ್ತಾರೆ. ಭಯ ಬಿಡಿ, ಸಂಭ್ರಮಿಸಿ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅಧಿಕಾರಿಗಳು ಶಾಲು ಹೊದಿಸುತ್ತಾರೆ. ತರಬೇತುದಾರರು ಮುಂದಿನ ಊರಿಗೆ ಹೊರಡುತ್ತಾರೆ.

ಮಾರ್ಚಿನಲ್ಲಿ ಹಬ್ಬ ಬಂದೇ ಬರುತ್ತದೆ. ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ. ಜೆರಾಕ್ಸ್ ಅಂಗಡಿಗೆ ಬೀಗ. ಕೊಠಡಿಯಲ್ಲಿ ಕ್ಯಾಮೆರಾ. ಗೇಟಿನಲ್ಲಿ ಪೊಲೀಸ್. ಯುಗಾದಿಗೆ ನಮ್ಮಲ್ಲಿ ಇಷ್ಟು ಬಂದೋಬಸ್ತ್ ಇರುವುದಿಲ್ಲ.

ಹೇಗೆ ಓದಬೇಕು ಎಂಬುದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಎಷ್ಟು ಗಂಟೆಗೆ ಏಳಬೇಕು, ಯಾವ ದಿಕ್ಕಿಗೆ ಮುಖ ಮಾಡಿ ಕೂರಬೇಕು, ಹಾಲ್ ಟಿಕೆಟನ್ನು ಯಾವ ದೇವರ ಮುಂದೆ ಇಡಬೇಕು. ಎಲ್ಲಕ್ಕೂ ಶಾಸ್ತ್ರ ಇದೆ. "ಚೆನ್ನಾಗಿ ಓದು" ಎನ್ನದ ಅಪ್ಪ ಈ ರಾಜ್ಯದಲ್ಲಿಲ್ಲ. ಚೆನ್ನಾಗಿ ಎಂದರೆ ಹೇಗಪ್ಪಾ ಎಂದು ಮಗ ಕೇಳಿದರೆ ಸಿಗುವ ಉತ್ತರವೂ ಒಂದೇ: "ಎದುರುತ್ತರ ಕೊಡಬೇಡ."

ಹತ್ತನೇ ಕ್ಲಾಸಿನ ಯಾವುದಾದರೂ ಒಂದು ಪಠ್ಯಪುಸ್ತಕ ತೆರೆದು ನೋಡಿ. ಹಳದಿ, ಗುಲಾಬಿ, ಗಿಳಿಹಸಿರು. ಬಣ್ಣ ಬಳಿಯದೆ ಉಳಿದದ್ದು ಪುಟಸಂಖ್ಯೆ ಮಾತ್ರ. ಅಮ್ಮನಿಗೆ ಇದನ್ನು ನೋಡಿದರೆ ಸಮಾಧಾನ. ಪಾಪ, ಎಷ್ಟು ಓದಿದೆ ಕೂಸು! ಕೂಸು ಓದಿಲ್ಲ. ಕೂಸು ಪೇಂಟಿಂಗ್ ಮಾಡಿದೆ.

ಇದು ನನ್ನ ಹೊಟ್ಟೆಕಿಚ್ಚಿನ ಮಾತಲ್ಲ. 2013ರಲ್ಲಿ ಅಮೆರಿಕದ ಮನೋವಿಜ್ಞಾನಿ ಜಾನ್ ಡನ್ಲಾಸ್ಕಿ ಮತ್ತು ನಾಲ್ವರು ಸಂಗಡಿಗರು ವಿದ್ಯಾರ್ಥಿಗಳು ಓದುವ ಹತ್ತು ವಿಧಾನಗಳನ್ನು ಒಂದೊಂದಾಗಿ ತೂಗಿ ನೋಡಿದರು. ಗೆರೆ ಎಳೆಯುವುದು, ಓದಿದ್ದನ್ನೇ ಮತ್ತೆ ಮತ್ತೆ ಓದುವುದು, ಎರಡಕ್ಕೂ ಕೊನೆಯ ಬೆಂಚು. ಮೊದಲ ದರ್ಜೆ ಸಿಕ್ಕಿದ್ದು ಎರಡಕ್ಕೆ ಮಾತ್ರ. ಪುಸ್ತಕ ಮುಚ್ಚಿ ತನ್ನನ್ನು ತಾನೇ ಪ್ರಶ್ನೆ ಕೇಳಿಕೊಳ್ಳುವುದು ಒಂದು. ಓದನ್ನು ಒಂದೇ ರಾತ್ರಿಗೆ ಗುಡ್ಡೆ ಹಾಕದೆ ದಿನಗಳಿಗೆ ಹಂಚಿಕೊಳ್ಳುವುದು ಇನ್ನೊಂದು. ಇವೆರಡಕ್ಕೂ ಶುಲ್ಕವಿಲ್ಲ. ಆ್ಯಪ್ ಇಲ್ಲ. ಕಂತಿನ ಸೌಲಭ್ಯವಿಲ್ಲ. ಇಷ್ಟು ಅಗ್ಗದ್ದನ್ನು ಯಾವ ಮರ್ಯಾದಸ್ಥ ತಂದೆತಾಯಿ ಒಪ್ಪಿಯಾರು?

ಅದಕ್ಕೂ ಮುಂಚೆ, 2006ರಲ್ಲಿ, ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು ಕಾಲೇಜು ಹುಡುಗರಿಗೆ ಒಂದು ಪಾಠ ಕೊಟ್ಟರು. ಒಂದು ಗುಂಪು ನಾಲ್ಕು ಅವಧಿಯೂ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದು: ಅವರಿಗೆ ಶೇ 83ರಷ್ಟು ನೆನಪಿತ್ತು, ಬರೆದವರಿಗೆ ಶೇ 71. ಒಂದು ವಾರ ಬಿಟ್ಟು ಕೇಳಿದರೆ ಲೆಕ್ಕ ತಲೆಕೆಳಗು. ಓದಿದವರು ಶೇ 40ಕ್ಕೆ ಕುಸಿದರು. ಬರೆದವರು ಶೇ 61ರಲ್ಲಿ ನಿಂತರು.

ಮಜಾ ಇರುವುದು ಇದರಲ್ಲಲ್ಲ. ನಿಮಗೆಷ್ಟು ನೆನಪಿರುತ್ತದೆ ಎಂದು ಮೊದಲೇ ಕೇಳಿದಾಗ ಎದೆ ತಟ್ಟಿ ಹೇಳಿದವರು ಯಾರು? ನಾಲ್ಕು ಅವಧಿ ಓದಿದವರು.

ಈ ಭ್ರಮೆಯ ಮೇಲೇ ನಮ್ಮ ಶಿಕ್ಷಣದ ಅಂಗಡಿ ನಿಂತಿದೆ. ಐದನೇ ಸಲ ಓದುವಾಗ ಸಾಲು ಪರಿಚಿತ ಎನಿಸುತ್ತದೆ. ಪರಿಚಿತವಾದದ್ದೆಲ್ಲ ಬರುತ್ತದೆ ಎಂದು ಹುಡುಗ ನಂಬುತ್ತಾನೆ. ದಿನಾ ಅದೇ ಬಸ್ಸಿನಲ್ಲಿ ಅದೇ ಮುಖ ನೋಡುತ್ತೀರಿ, ನಗುತ್ತೀರಿ, ಹೆಸರು ಕೇಳಿದರೆ ಬಾಯಿ ಬಾಯಿ ಬಿಡುತ್ತೀರಿ. ದ್ಯುತಿಸಂಶ್ಲೇಷಣೆಯ ಜೊತೆ ನಮ್ಮ ಮಕ್ಕಳದ್ದು ಇಷ್ಟೇ ಸಂಬಂಧ.

ಪುಸ್ತಕ ಮುಚ್ಚಿದರೆ ತನಗೇನು ಬರುವುದಿಲ್ಲ ಎಂಬುದು ತಕ್ಷಣ ಗೊತ್ತಾಗಿಬಿಡುತ್ತದೆ. ಅದು ಯಾರಿಗೂ ಬೇಡ. ಹುಡುಗನಿಗೆ ಬೇಡ, ಅವಮಾನ. ಅಪ್ಪನಿಗೆ ಬೇಡ, ಟ್ಯೂಷನ್ ದುಡ್ಡು ನೆನಪಾಗುತ್ತದೆ. ಮೇಷ್ಟರಿಗೂ ಬೇಡ, ಸಿಲಬಸ್ ಮುಗಿಯಬೇಕು. ಹಾಗಾಗಿ ಕ್ಲಾಸಿನಲ್ಲಿ "ಅರ್ಥವಾಯಿತಾ?" ಎಂಬ ಪ್ರಶ್ನೆ, "ಆಯ್ತು ಸಾರ್" ಎಂಬ ಸಾಮೂಹಿಕ ಗಾಯನ. ನಲವತ್ತು ಜನಕ್ಕೂ ಒಟ್ಟಿಗೆ ಅರ್ಥವಾಗಿಬಿಡುತ್ತದೆ. ಇಂಥ ಜ್ಞಾನೋದಯ ಬುದ್ಧನ ಶಿಷ್ಯರಲ್ಲೂ ಆಗಿರಲಾರದು.

ಹಾಗಂತ ನಮ್ಮಲ್ಲಿ ಟೆಸ್ಟ್‌ಗಳಿಗೆ ಬರವೇ? ರೂಪಣಾತ್ಮಕ ಮೌಲ್ಯಮಾಪನ ನಾಲ್ಕು, ಸಂಕಲನಾತ್ಮಕ ಎರಡು, ಮೇಲೆ ಪೂರ್ವಸಿದ್ಧತಾ ಪರೀಕ್ಷೆ. ವಸತಿ ಪಿಯು ಕಾಲೇಜಿಗೆ ಹಾಕಿದರೆ ವಾರಕ್ಕೊಂದು. ಆದರೆ ಟೆಸ್ಟ್ ಮುಗಿದ ಮೇಲೆ ಏನಾಗುತ್ತದೆ ನೋಡಿ. ಎಲ್ಲಿ ತಪ್ಪಿತು ಎಂದು ಕೂರಿಸಿ ತೋರಿಸುವವರಿಲ್ಲ. ರ‍್ಯಾಂಕ್ ಪಟ್ಟಿ ಗೋಡೆಗೆ ಹತ್ತುತ್ತದೆ. ಅದೇ ಪಟ್ಟಿ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಬೀಳುತ್ತದೆ. ಕಲಿಯಲು ಇದ್ದ ಅತ್ಯುತ್ತಮ ಸಲಕರಣೆಯನ್ನು ಮರ್ಯಾದೆ ತೆಗೆಯುವ ಸಲಕರಣೆ ಮಾಡಿದ್ದೇವೆ. ಆಮೇಲೆ ಮಕ್ಕಳಿಗೆ ಪರೀಕ್ಷಾ ಭಯ ಯಾಕೆ ಬಂತೆಂದು ವಿಚಾರಸಂಕಿರಣ. ಊಟದ ವ್ಯವಸ್ಥೆ ಇದೆ.

ಈ ರೂಪಣಾತ್ಮಕದ ಪ್ರಾಜೆಕ್ಟ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಥರ್ಮೊಕೋಲ್ ಜ್ವಾಲಾಮುಖಿ ಮಾಡಿದ ಅಪ್ಪಂದಿರಿಗೂ, ಚಾರ್ಟ್ ಬರೆದುಕೊಟ್ಟ ಸ್ಟೇಷನರಿ ಅಂಗಡಿಯವರಿಗೂ ಪೂರ್ಣಾಂಕ ಸಿಕ್ಕಿದೆ. ಅಭಿನಂದನೆಗಳು.

ಹಿಂದೆ ಕನ್ನಡ ಶಾಲೆಗಳಲ್ಲಿ ಉಕ್ತಲೇಖನ ಇತ್ತು. ಸಂಜೆ ಸಾಲಾಗಿ ನಿಂತು ಮಗ್ಗಿ ಒಪ್ಪಿಸಬೇಕಿತ್ತು. ಹದಿನೇಳರ ಮಗ್ಗಿಯಲ್ಲಿ ತಡವರಿಸಿದರೆ ಎಲ್ಲರೆದುರು ಗೊತ್ತಾಗುತ್ತಿತ್ತು. ಬೆತ್ತವೂ ಇತ್ತು, ಅದನ್ನು ಹೊಗಳುವ ಹುಚ್ಚು ನನಗಿಲ್ಲ. ಆದರೆ ನಾವು ಮಾಡಿದ ಸುಧಾರಣೆ ನೋಡಿ. ಬೆತ್ತವನ್ನು ಬಿಡಬೇಕಿತ್ತು, ಒಪ್ಪಿಸುವುದನ್ನು ಉಳಿಸಿಕೊಳ್ಳಬೇಕಿತ್ತು. ಬಾಯಿಪಾಠ ಅನಾಗರಿಕ ಎಂದು ಮಗ್ಗಿಯನ್ನು ಓಡಿಸಿದೆವು. ಈಗ ಅದೇ ಮಕ್ಕಳನ್ನು ತಿಂಗಳಿಗಿಷ್ಟು ಎಂದು ದುಡ್ಡು ಕೊಟ್ಟು ಅಬಾಕಸ್ ಕ್ಲಾಸಿಗೆ ಬಿಟ್ಟು ಬರುತ್ತೇವೆ.

ಬಾಯಿಪಾಠ ಬೇಡ, ಅರ್ಥ ಮಾಡಿಕೊಂಡು ಓದಿ. ಇದು ವೇದಿಕೆಯ ಮಾತು. ವೇದಿಕೆ ಇಳಿದ ಮೇಲೆ ಹಂಚುವುದು 'ಪಾಸಿಂಗ್ ಪ್ಯಾಕೇಜ್'. ಈ ನಾಲ್ಕು ಚಿತ್ರ, ಈ ಒಂದು ಪದ್ಯ, ಈ ಹತ್ತು ವ್ಯಾಖ್ಯೆ, ಇಷ್ಟು ಉರು ಹೊಡೆದರೆ ಪಾಸು. ಮೊದಲು ಪ್ಯಾಕೇಜ್ ಇದ್ದದ್ದು ತಿರುಪತಿಗೆ. ಅಲ್ಲಾದರೂ ದರ್ಶನ ಆಗುತ್ತಿತ್ತು.

ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಜೀವಮಾನವಿಡೀ ಹೇಳಿದ ಎಚ್. ನರಸಿಂಹಯ್ಯನವರ ನಾಡು ಇದು. ನಾವು ಪ್ರಶ್ನೆಯನ್ನು ಕೈಬಿಟ್ಟಿಲ್ಲ. ಪ್ರಶ್ನಕೋಶ ಮಾಡಿ, ಉತ್ತರ ಸಮೇತ, ರಿಯಾಯಿತಿ ದರದಲ್ಲಿ ಮಾರುತ್ತಿದ್ದೇವೆ.

ಶಿಕ್ಷಕರನ್ನು ಬೈದು ಪ್ರಯೋಜನವಿಲ್ಲ. ಚುನಾವಣೆಗೆ ಅವರೇ, ಸಮೀಕ್ಷೆಗೆ ಅವರೇ, ಬಿಸಿಯೂಟದ ಮೊಟ್ಟೆ ಎಣಿಸಲೂ ಅವರೇ. ಉಳಿದ ಹೊತ್ತಿನಲ್ಲಿ ಜಿಲ್ಲೆಯ ಫಲಿತಾಂಶ ಕೆಳಗಿಳಿಯಬಾರದು. ಇಳಿದರೆ ನೋಟಿಸ್. ನೋಟಿಸ್ ಬರುವ ಭಯದಲ್ಲಿರುವ ಮನುಷ್ಯ ಪ್ಯಾಕೇಜ್ ಹಂಚದೆ ಪ್ರಾಚೀನ ಗುರುಕುಲ ನಡೆಸುತ್ತಾನೆಯೇ? ಕೆಲವು ಕಡೆ ಶಿಕ್ಷಕರು ಬೆಳಗಿನ ಜಾವ ಐದಕ್ಕೆ ಮಕ್ಕಳ ಮನೆಗೆ ಫೋನ್ ಮಾಡಿ ಎಬ್ಬಿಸುತ್ತಾರೆ. ಕಾಳಜಿ ದೊಡ್ಡದು. ಹುಡುಗ ಮಲಗಿದ್ದೇ ಹನ್ನೆರಡಕ್ಕೆ ಎಂಬುದು ಸಣ್ಣ ವಿಷಯ. ಓದಿದ್ದನ್ನು ಮಿದುಳು ನೆನಪಾಗಿ ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ ಎಂಬುದು ಇನ್ನೂ ಸಣ್ಣ ವಿಷಯ. ತೂಕಡಿಸುತ್ತ ಪುಟ ತಿರುಗಿಸಿದರೂ ಅದು ಓದಿನ ಲೆಕ್ಕಕ್ಕೇ ಸೇರುತ್ತದೆ. ನಾವು ಎಣಿಸುವುದು ಗಂಟೆಗಳನ್ನು.

ಓದನ್ನು ದಿನಗಳಿಗೆ ಹಂಚಿಕೊಳ್ಳುವ ವಿಚಾರ ಹೊಸದೇನಲ್ಲ. ಜರ್ಮನಿಯ ಹರ್ಮನ್ ಎಬಿಂಗ್‌ಹಾಸ್ 1885ರಲ್ಲೇ ಬರೆದಿಟ್ಟಿದ್ದಾನೆ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರು ಹೊಡೆದು, ಎಷ್ಟು ಬೇಗ ಮರೆಯುತ್ತದೆ ಎಂದು ಅಳೆದ ವಿಚಿತ್ರ ಆಸಾಮಿ. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಮಾಯ. ಇನ್ನೊಂದನ್ನೂ ಕಂಡುಕೊಂಡ. ಒಂದೇ ದಿನ 68 ಸಲ ಉರು ಹೊಡೆದದ್ದೂ ಒಂದೇ, ಮೂರು ದಿನಕ್ಕೆ ಹಂಚಿ 38 ಸಲ ಹೇಳಿಕೊಂಡದ್ದೂ ಒಂದೇ. ಹೆಚ್ಚುಕಡಿಮೆ ಅರ್ಧ ಶ್ರಮ ಉಳಿತಾಯ. ಇದು ಗೊತ್ತಾಗಿ ನೂರನಲವತ್ತು ವರ್ಷ ದಾಟಿತು. ಸುದ್ದಿ ಇನ್ನೂ ಬ್ಲಾಕ್ ಆಫೀಸಿಗೆ ತಲುಪಿಲ್ಲ.

ತಲುಪಿರಲೂಬಹುದು. ಮಕ್ಕಳು ಅಂತರ ಕೊಟ್ಟು ಓದಬೇಕು ಎಂದಿದ್ದನ್ನು ಸರ್ಕಾರ ಅಂತರ ಕೊಟ್ಟು ಪರೀಕ್ಷೆ ಮಾಡಬೇಕು ಎಂದು ಕೇಳಿಸಿಕೊಂಡಿರಬೇಕು. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಬಂದವು.

ಆ 2024 ಬಹಳ ಜ್ಞಾನ ಕೊಟ್ಟ ವರ್ಷ. ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಬಿತ್ತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ, ಕೃಪೆಗೆ ಅರ್ಹರಾಗುವ ಗೆರೆಯನ್ನು ಶೇ 35ರಿಂದ 25ಕ್ಕೆ ಇಳಿಸಿದ ಮೇಲೆ. ಕ್ಯಾಮೆರಾ ಏನನ್ನೂ ಮಾಡಲಿಲ್ಲ ಪಾಪ, ಸುಮ್ಮನೆ ನೋಡಿತು ಅಷ್ಟೆ. ಆಮೇಲೆ ನಾವು ಕಂಡುಕೊಂಡ ಪರಿಹಾರ ಏನು? ಮಕ್ಕಳಿಗೆ ಓದುವ ಕ್ರಮ ಕಲಿಸುವುದೇ? ಉತ್ತೀರ್ಣದ ಗೆರೆಯನ್ನು 35ರಿಂದ 33ಕ್ಕೆ ಇಳಿಸುವುದು. ಮಕ್ಕಳು ಏರದಿದ್ದರೆ ಬೇಡ, ಗೆರೆಯಾದರೂ ಮಾತು ಕೇಳುತ್ತದೆ.

ಇದೆಲ್ಲ ಸರ್ಕಾರಿ ಶಾಲೆಯ ಕಥೆ ಎಂದು ನಗುತ್ತಿರುವ ಬೆಂಗಳೂರಿನ ಖಾಸಗಿ ಶಾಲೆಯ ಪೋಷಕರೇ, ನಿಮ್ಮ ಪಾಳಿ ಬಂತು. ನಿಮ್ಮ ಮಗು 'ವಿಷುವಲ್ ಲರ್ನರ್' ಅಂತಲ್ಲವೇ? ಪಕ್ಕದ ಮನೆಯ ಮಗು 'ಆಡಿಟರಿ'? 2008ರಲ್ಲೇ ಮನೋವಿಜ್ಞಾನಿ ಹೆರಾಲ್ಡ್ ಪ್ಯಾಷ್ಲರ್ ಮತ್ತು ಸಂಗಡಿಗರು ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂಬ ಈ ವಿಂಗಡಣೆಯಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ತಕ್ಕ ಪುರಾವೆ ಇಲ್ಲ ಎಂದರು. ನೀವು ಅಲ್ಲಿಗೆ ನಿಲ್ಲಲಿಲ್ಲ. ಮಗುವಿನ ಹತ್ತೂ ಬೆರಳಿನ ಗುರುತು ಕೊಟ್ಟು ಬುದ್ಧಿಯ ವರದಿ ತರಿಸಿಕೊಂಡಿರಿ. ಬೆರಳ ಗೆರೆ ನೋಡಿ ಮಗು ಡಾಕ್ಟರೋ ಡ್ಯಾನ್ಸರೋ ಎಂದು ಹೇಳುವ ಬಣ್ಣದ ವರದಿ, ಸ್ಪೈರಲ್ ಬೈಂಡಿಂಗ್. ಅಂಗೈ ನೋಡಿ ಹೇಳುವ ಕೊರವಂಜಿಯನ್ನು ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನೊಳಗೆ ಬಿಡುವುದಿಲ್ಲ. ಅವಳ ಬಳಿ ಲ್ಯಾಪ್‌ಟಾಪ್ ಇಲ್ಲ ನೋಡಿ.

ಗಣಿತದ್ದು ಇನ್ನೊಂದು ಬಗೆಯ ನಾಟಕ. ಒಂದು ಅಭ್ಯಾಸದ ಇಪ್ಪತ್ತು ಲೆಕ್ಕಕ್ಕೂ ಒಂದೇ ಸೂತ್ರ. ಮೂರನೆಯದರಿಂದ ಕೈ ತಾನೇ ಓಡುತ್ತದೆ. ಹುಡುಗಿ ಇಪ್ಪತ್ತನ್ನೂ ಮುಗಿಸಿ ಎದ್ದಳು, ಮನೆಯವರಿಗೆ ಹೆಮ್ಮೆ. ನಾಲ್ಕು ಅಧ್ಯಾಯದ ಲೆಕ್ಕಗಳನ್ನು ಕಲಸಿ ಮುಂದಿಡಿ, ಪೆನ್ಸಿಲ್ ನಿಂತುಬಿಡುತ್ತದೆ. ಯಾವ ಸೂತ್ರ ಹಾಕಬೇಕು ಎಂದು ತಿಳಿಯುವುದೇ ಗಣಿತ. ಅದನ್ನು ಪಾಠದ ಶೀರ್ಷಿಕೆಯೇ ಹೇಳಿಬಿಟ್ಟರೆ ಉಳಿಯುವುದು ಗುಣಾಕಾರ. ಕಲಸಿ ಮಾಡಿಸಿದರೆ ಹೆಚ್ಚು ತಪ್ಪಾಗುತ್ತದೆ, ನಿಧಾನವಾಗುತ್ತದೆ, ಹಾಗೆಯೇ ಹೆಚ್ಚು ನಿಲ್ಲುತ್ತದೆ. ಆದರೆ ನೋಟ್‌ಬುಕ್ಕಿನಲ್ಲಿ ಕೆಂಪು ಗೀಟು ಕಂಡರೆ ಮರುದಿನ ಪೋಷಕರು ಪ್ರಾಂಶುಪಾಲರ ಕೊಠಡಿಯಲ್ಲಿ ಇರುತ್ತಾರೆ.

ಮೇ ತಿಂಗಳಲ್ಲಿ ಫ್ಲೆಕ್ಸ್‌ಗಳು ಏಳುತ್ತವೆ. 625ಕ್ಕೆ 625, 624, 623. ಪಾಸ್‌ಪೋರ್ಟ್ ಫೋಟೋದ ಮಕ್ಕಳು, ಅವರ ಮೇಲೆ ಅವರಿಗಿಂತ ದೊಡ್ಡದಾಗಿ ಆಡಳಿತ ಮಂಡಳಿಯ ಅಧ್ಯಕ್ಷರು. ಆ ಮಕ್ಕಳ ದುಡಿಮೆಯ ಬಗ್ಗೆ ನನಗೆ ತಕರಾರಿಲ್ಲ. ಅಧ್ಯಕ್ಷರಿಗೆ ಮಾತ್ರ ಒಂದು ಸಣ್ಣ ಸವಾಲು. ಜುಲೈ ಕೊನೆಗೆ, ಯಾವ ಮುನ್ಸೂಚನೆಯೂ ಇಲ್ಲದೆ, ಅದೇ ಮಕ್ಕಳನ್ನು ಕೂರಿಸಿ ಅದೇ ಪ್ರಶ್ನೆಪತ್ರಿಕೆ ಕೊಡಿ. ಬಂದ ಅಂಕವನ್ನು ಅಷ್ಟೇ ದೊಡ್ಡ ಫ್ಲೆಕ್ಸ್‌ನಲ್ಲಿ ಹಾಕಿಸಿ.

ಹಾಕಿಸುವುದಿಲ್ಲ. ಅಷ್ಟು ಹೊತ್ತಿಗೆ ದಾಖಲಾತಿ ಮುಗಿದಿರುತ್ತದೆ.