ಹತ್ತು ನಿಮಿಷ, ಇಲ್ಲೇ ಇದೀವಿ

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಯಲ್ದೂರಲ್ಲಿ ಕೂತ್ಕೊಂಡು ತಿರುಪತಿಗೆ ಫ್ಲೈಟ್ ಬುಕ್ ಮಾಡಿದೋರು ನೀವೇ ತಾನೆ? (ಇಲ್ಲ ಅನ್ಬೇಡಿ. ಸ್ಟೇಟಸ್‌ಗೆ ಹಾಕಿದ ಟಿಕೆಟ್ ಫೋಟೋನ ಇಡೀ ಹೋಬಳಿ ನೋಡೈತೆ.)

ನಿಮ್ಮ ಲೆಕ್ಕ ನಂಗೊತ್ತು. ದೇವನಹಳ್ಳಿ ಏರ್‌ಪೋರ್ಟಿಂದ ರೇಣಿಗುಂಟ ಏರ್‌ಪೋರ್ಟಿಗೆ ನೇರ ಗೆರೆ ಎಳೆದ್ರೆ ಸುಮಾರು 200 ಕಿ.ಮೀ. ರೆಕ್ಕೆಗೆ ಫ್ಯಾನ್ ಕಟ್ಟಿರೋ ಎಟಿಆರ್ ವಿಮಾನದ ಸ್ಪೀಡು ಗಂಟೆಗೆ 500ರ ಆಸುಪಾಸು. ಅಂದ್ರೆ ಅರ್ಧ ಗಂಟೇನೂ ಬೇಡ! ಟಿಕೆಟ್‌ನಲ್ಲಿ ಮಾತ್ರ ಹೆಚ್ಚುಕಮ್ಮಿ ಒಂದು ಗಂಟೆ ಅಂತಿರುತ್ತೆ. ರನ್‌ವೇ ತನಕ ತೆವಳೋದು, ಏರೋದು, ತಿರುಗೋದು, ಇಳಿಯೋದು ಎಲ್ಲಾ ಅದರಲ್ಲೇ ಆಗ್ಬೇಕಲ್ಲ. ನೀವು ಬೀಗರ ಹತ್ರ ಕೊಚ್ಕೊಂಡಿದ್ದು ಯಾವ ಲೆಕ್ಕ? ಅದೇ, ಅರ್ಧ ಗಂಟೇದು.

ಈಗ ಮಗಳ ಜಾಮಿಟ್ರಿ ಬಾಕ್ಸಿಂದ ಸ್ಕೇಲ್ ತಗೊಳ್ಳಿ. ಮ್ಯಾಪ್ ಮೇಲೆ ಆ ಗೆರೆ ಎಳೀರಿ. ಎಲ್ಲಿ ಹೋಯ್ತು? ನಮ್ಮ ತಾಲ್ಲೂಕು ಶ್ರೀನಿವಾಸಪುರದ ನೆತ್ತಿ ಮೇಲೆ! (ಪೈಲಟ್ಟು ಅದೇ ಗೆರೆ ಹಿಡೀಬೇಕು ಅಂತೇನಿಲ್ಲ, ಆ ಮಾತು ಬೇರೆ.) ಅಂದ್ರೆ ನೀವು ಚಿಂತಾಮಣಿ ಹಾದು 80-90 ಕಿ.ಮೀ. ಹಿಂದಕ್ಕೆ ಹೋಗಿ, ಅಲ್ಲಿ ದುಡ್ಡು ಕೊಟ್ಟು, ವಾಪಸ್ ನಿಮ್ಮ ಮಾವಿನ ತೋಪಿನ ಮೇಲೇ ಬರ್ತೀರಿ. ಇಲ್ಲೇ ಇಳಿಸಪ್ಪಾ ಅಂದ್ರೆ ಇಳಿಸೋಕೆ ಅವನೇನು ಕಂಡಕ್ಟರಾ?

ದಿವಾನ್ ಪೂರ್ಣಯ್ಯನವರು ತಿರುಪತಿ ಯಾತ್ರೆ ಮುಗಿಸ್ಕೊಂಡು ಬರೋವಾಗ, ಪಾಪನಪಲ್ಲಿ ಅಂತಿದ್ದ ಊರಿಗೆ ಮಗನ ಹೆಸರಿಟ್ಟು ಶ್ರೀನಿವಾಸಪುರ ಮಾಡಿದ್ರು ಅಂತಾರೆ. ಆವತ್ತಿಂದ ತಿಮ್ಮಪ್ಪನ ದಾರೀಲೇ ಇರೋ ತಾಲ್ಲೂಕು ಇದು. ನೀವು ಮಾತ್ರ ರಿವರ್ಸ್ ಗೇರು!

ಸರಿ, ಹೊರಡೋ ದಿನ. ಬೆಳಗಿನ ಜಾವ 5 ಗಂಟೆ. ನಿಮ್ಮ ಬಾಮೈದ ಕಾರು ತಗೊಂಡು ಮುಳಬಾಗಿಲು, ಪಲಮನೇರು ಕಡೆ ಹೊರಟೇಬಿಟ್ಟ. ನೀವಿನ್ನೂ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಷಡ್ಡಕರ ಮನೆಗೆ ಅಂತ ಮಾವಿನಕಾಯಿ ಉಪ್ಪಿನಕಾಯಿ ಡಬ್ಬ ಕಟ್ತಿದೀರಿ. ಮೊದಲು ಪ್ಲಾಸ್ಟಿಕ್ ಕವರು, ಅದರ ಮೇಲೆ ಹಳೇ ಪಂಚೆ ತುಂಡು, ಅದರ ಮೇಲೆ ಗೋಣಿದಾರ, ಹಲ್ಲಲ್ಲಿ ಕಚ್ಚಿ ಗಂಟು. ಟ್ಯಾಕ್ಸಿಯವನ ಫೋನಿಗೆ ಏನಂದ್ರಿ? "ಇದಿಗೋ, ವಸ್ತುನ್ನಾ!" (ಇಗೋ, ಬಂದೆ ಅಂತ. ನಮ್ಮ ಕಡೆ ಸುಳ್ಳು ಹೇಳೋಕೆ ತೆಲುಗೇ ಚೆಂದ, ನಾಲಗೆ ತೊಡರಲ್ಲ.)

ಎಂಟಕ್ಕೆ ಏರ್‌ಪೋರ್ಟು. ಆ ಡಬ್ಬ ಕೈಯಲ್ಲಿ ಒಯ್ಯಂಗಿಲ್ಲ, ಎಣ್ಣೆ ಉಪ್ಪಿನಕಾಯಿ. ಕೌಂಟರಲ್ಲಿ ಕೊಟ್ಟು, ಕ್ಯೂ ನಿಂತು, ಬೆಲ್ಟ್ ಬಿಚ್ಚಿ, ಬೆಲ್ಟ್ ಹಾಕಿ, ಒಳಗೋಗಿ ಕೂತ್ರಿ. ಕಾಫಿ ರೇಟು ನೋಡಿ ಬಾಯಾರಿಕೇನೇ ಹೋಯ್ತು, ಅಲ್ವಾ? ಹತ್ತು ಗಂಟೆಗೆ ವಿಮಾನ ಹಾರ್ತು. ಕಿಟಕಿಗೆ ಮೂಗು ಒತ್ತಿ "ಅಗೋ, ನಮ್ಮ ಯಲ್ದೂರು ಕೆರೆ!" ಅಂತ ಪಕ್ಕದ ಸೀಟಿನೋರಿಗೆ ಮೂರು ಕೆರೆ ತೋರಿಸಿದ್ರಂತೆ. ಯಾವ ಊರಿಗ್ರೀ ಮೂರು ಮೂರು?

ರೇಣಿಗುಂಟದಲ್ಲಿ ಇಳಿದು ಲಗೇಜ್ ಬೆಲ್ಟ್ ಹತ್ರ ಗೋಣಿದಾರದ ಗಂಟಿಗೆ ಕಾಯ್ತಾ ನಿಂತಿದೀರಿ. ಫೋನು. ಬಾಮೈದ.

"ಭಾವ, ಬೆಟ್ಟದ ಮೇಲೆ ರೂಮ್ ಸಿಕ್ತು, ಸ್ನಾನಾನೂ ಆಯ್ತು. ಎಲ್ಲಿದೀರಾ?"

ಹೇಳಿ, ಈಗೇನಂತೀರಿ? ತೆಲುಗಲ್ಲಾ, ಕನ್ನಡದಲ್ಲಾ?